ಮಚ್ಚೆ ಯಾವ ಕಡೆ?

ನನ್ನ ಮುಖ ನನಗೆ ಚೆನ್ನಾಗಿ ಗೊತ್ತು ಎಂಬ ನಂಬಿಕೆಯಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ದಿನಾ ಶೇವ್ ಮಾಡುವಾಗ ನೋಡುತ್ತೇನಲ್ಲ! ಮುಖ ಹೇಗೇ ಇರಲಿ, ಪರಿಚಯವಂತೂ ಇತ್ತು. ಆ ಪರಿಚಯವನ್ನು ನನ್ನ ಅಕ್ಕನ ಮಗಳು ಚೈತ್ರ ಒಂದು ಭಾನುವಾರ ಬುಡಮೇಲು ಮಾಡಿಬಿಟ್ಟಳು.

ಚೈತ್ರ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಅಚ್ಚು ತೆಗೆಯುವ ವಿದ್ಯೆ ಕಲಿತವಳು. ಅದನ್ನೇ ಮುಂದೆ ಓದಬೇಕೆಂದು ಅವಳ ಆಸೆ. ಗುಬ್ಬಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಭಾವನವರಿಗೆ, ಮಗಳು ಬಿ.ಎಡ್. ಸೇರಲಿ ಎಂಬ ಹಟ. ಅಷ್ಟರಲ್ಲಿ ಅವಳೂ ಅವಳ ಗೆಳೆಯರೂ ಸೇರಿ ತುಮಕೂರಿನಲ್ಲಿ ಅಚ್ಚುಚಿತ್ರಗಳ ಪ್ರದರ್ಶನ ಇಟ್ಟರು. ಅದರಲ್ಲಿ ಅವಳು ಕೆತ್ತಿದ ನನ್ನ ಮುಖವೂ ಇದೆಯೆಂದು ತಿಳಿದು ಉಬ್ಬಿಹೋದೆ. "ಭಾವ, ಒಂದ್ಸಲ ಬಂದು ನೋಡಿ. ಆಮೇಲೂ ಬಿ.ಎಡ್. ಅಂದ್ರೆ ನಾನು ಬಾಯಿ ಬಿಡಲ್ಲ" ಎಂದು ಫೋನಿನಲ್ಲಿ ಪಂಥ ಕಟ್ಟಿದೆ.

ಭಾವ ಅಕ್ಕನೊಂದಿಗೆ ಬಂದವರೇ ಕುಣಿಗಲ್ಲಿನ ಹುಡುಗನೊಬ್ಬ ಕೆತ್ತಿದ ಕುದುರೆಯ ಮುಂದೆ ನಿಂತರು. ಕೆಳಗೆ ಪೆನ್ಸಿಲಿನಲ್ಲಿ 7/8 ಎಂದಿತ್ತು. ನನ್ನ ಮುಖದ ಕೆಳಗೆ 3/8. "ಏನಮ್ಮಾ ಇದು, ಕುದುರೆಗೆ ಏಳು ಕೊಟ್ಟವ್ರೆ, ನಿಮ್ಮ ಮಾವನಿಗೆ ಬರೀ ಮೂರಾ?" ಎಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಬೇಜಾರಾಯಿತು. ಅದು ಮಾರ್ಕ್ಸ್ ಅಲ್ಲ, ಎಂಟು ಪ್ರತಿ ತೆಗೆದದ್ದರಲ್ಲಿ ಮೂರನೆಯದು ಎಂದು ಚೈತ್ರ ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೆಂಡತಿ ಬಾಂಬು ಹಾಕಿದಳು.

"ರೀ, ಇದು ನೀವಲ್ಲ ಕಣ್ರೀ. ಮಚ್ಚೆ ಎಡಗೆನ್ನೇಲಿದೆ!"

ಮುಟ್ಟಿ ನೋಡಿಕೊಂಡೆ. ನನ್ನದು ಬಲಗೆನ್ನೆಯಲ್ಲೇ ಇತ್ತು. ಆದರೂ ಚಿತ್ರದಲ್ಲಿದ್ದವನು ದಿನಾ ಕನ್ನಡಿಯಲ್ಲಿ ಸಿಗುವ ನಾನೇ! ಹಾಗೆಂದರೆ ಯಾರು ನಂಬಬೇಕು? "ಮಚ್ಚೆ ಯಾವ ಕಡೆ ಅಂತ್ಲೇ ಗೊತ್ತಾಗ್ದಿರೋಳು ಇನ್ನೇನು ಓದ್ತಾಳೆ ಬುಡು" ಎಂದು ಭಾವ ಚಪ್ಪಲಿ ಹುಡುಕತೊಡಗಿದರು. ಚೈತ್ರಳ ಮುಖ ಸಣ್ಣದಾಯಿತು. ಪಂಥ ಕಟ್ಟಿದ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

ಅವಳು ಒಳಗಿನಿಂದ ಕೆತ್ತಿದ ಹಲಗೆಯನ್ನೇ ತಂದು ಪಕ್ಕದಲ್ಲಿಟ್ಟಳು. ಅದರಲ್ಲಿ ಮಚ್ಚೆ ಬಲಗೆನ್ನೆಯಲ್ಲಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕ್ತೀವಲ್ಲ! ಮರದಲ್ಲಿ ಗಿಣಿ ಈ ಕಡೆ ನೋಡ್ತಿದ್ರೆ ಸಕ್ಕರೇಲಿ ಆ ಕಡೆ ನೋಡಲ್ವಾ? ವರ್ಷಾ ವರ್ಷಾ ತಿಂತೀರಿ, ನೋಡ್ಬಾರ್ದಾ?"

"ಬೇಕಂತ್ಲೇ ಹಿಂಗ್ ಮಾಡಿದ್ದು" ಎಂದಳು ಚೈತ್ರ. "ಮಾವಂಗೆ ಕನ್ನಡೀಲಿ ಮಾವ ಹೆಂಗೆ ಕಾಣ್ತಾರೋ ಹಂಗೆ."

ಭಾವ ಚಿತ್ರ ನೋಡಿದರು, ನನ್ನನ್ನು ನೋಡಿದರು. ಹಲಗೆ ನೋಡಿದವರೇ ಜೋರಾಗಿ ನಕ್ಕುಬಿಟ್ಟರು. "ಇದು ನೀನೇ ಕಣಯ್ಯ! ಥೇಟು! ಓದ್ಲಿ ಬುಡು, ಕೈಯಲ್ಲಿ ವಿದ್ಯೆ ಐತೆ."

ಚೈತ್ರ ಈಗ ಅಚ್ಚುಚಿತ್ರವನ್ನೇ ಓದುತ್ತಿದ್ದಾಳೆ. ಉಪ್ಪಾರಹಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಅವಳು ತೆಗೆದ ನನ್ನ ಅಚ್ಚುಚಿತ್ರ ಹಾಕೋಣ ಎಂದು ಮೊಳೆ ಹೊಡೆದೆ. ಹೆಂಡತಿ ಒಪ್ಪಲಿಲ್ಲ. ಆ ಎಡಮಚ್ಚೆಯವನು ಯಾರೋ ಏನೋ, ತನಗೆ ಹಲಗೆಯೇ ಇರಲಿ ಎಂದಳು. ಈಗ ಆ ಮೊಳೆಯಲ್ಲಿ ಹಲಗೆಯೇ ತೂಗುತ್ತಿದೆ. ಬಂದ ನೆಂಟರೆಲ್ಲ ಅದರ ಮುಂದೆ ನಿಂತು, "ಅಬ್ಬಾ, ಎಷ್ಟು ಚೆನ್ನಾಗಿ ಹಿಡಿದವ್ಳೆ!" ಎನ್ನುತ್ತಾರೆ. ನನಗೋ ಅದರಲ್ಲಿ ಯಾವನೋ ಗುರುತಿಲ್ಲದವನು ಕಾಣುತ್ತಾನೆ. ಇಷ್ಟು ವರ್ಷ ಈ ಮನೆಯಲ್ಲಿ ಎಲ್ಲರೂ ಸಂಸಾರ ಮಾಡಿದ್ದು ಅವನ ಜೊತೆಗೇ ಅಂತೆ.