ಬೆಂಬಲಾಧಿಕಾರಿಯ ಸೇಬಿನ ತೋಟ

ಮಧ್ಯ ಇಂಗ್ಲೆಂಡಿನ ವಾಣಿಜ್ಯ ಸೇಬು ಬೆಳೆಗಾರರ ಸಂಘದ ಉದ್ದೇಶ, ಅದರ ನಿಯಮಾವಳಿಯ ಮೊದಲನೇ ಕಲಮು ಹೇಳುವಂತೆ, ಬೆಳೆಗಾರರನ್ನು ಬೆಂಬಲಿಸುವುದು. ಸೇಬಿನ ಬಗ್ಗೆ ಆ ಕಲಮು ಏನೂ ಹೇಳುವುದಿಲ್ಲ.

ಡಾಕ್ಟರ್ ಇಂದುಶೇಖರ ಈ ಸಂಘಕ್ಕೆ ಸೇರಿದ್ದು ಎರಡು ಸಾವಿರದ ಎರಡನೇ ಇಸವಿಯಲ್ಲಿ. ಲಫ್‌ಬರೋದಲ್ಲಿ ಜಿ.ಪಿ., ಅಂದರೆ ಊರಿನ ಸಾಮಾನ್ಯ ವೈದ್ಯ, ಆಗಿದ್ದ ಅವರು ಊರಾಚೆ ಒಂದು ಹಳೇ ಮನೆ ಕೊಂಡಿದ್ದರು. ಮನೆಯ ಹಿಂದೆ ಇನ್ನೂರ ನಲವತ್ತು ಬ್ರ್ಯಾಮ್ಲಿ ಸೇಬಿನ ಮರಗಳಿದ್ದವು. ಬ್ರ್ಯಾಮ್ಲಿ ಅಂದರೆ ಮುಷ್ಟಿಗಿಂತ ದಪ್ಪನೆಯ ಹಸಿರು ಸೇಬು, ಹಾಗೇ ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಇಂಗ್ಲಿಷರು ಅದನ್ನು ಬೇಯಿಸಿ, ಸಕ್ಕರೆ ಸುರಿದು ತಿನ್ನುತ್ತಾರೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಡಾಕ್ಟರರು ಅಲ್ಲಿಯವರೆಗೆ ನೆಟ್ಟಿದ್ದ ಗಿಡ ಒಂದೇ, ತುಳಸಿ. ಅದಕ್ಕೂ ನೀರು ಹಾಕುತ್ತಿದ್ದವರು ಅವರ ತಾಯಿ.

ತೋಟ ನೋಡಿಕೊಂಡವರು ಹೆಂಡತಿ ಗೌರಿ. ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿದ್ದ ಅವರಿಗೆ ಈ ದೇಶಕ್ಕೆ ಬಂದ ಹದಿನೈದು ವರ್ಷಗಳಲ್ಲಿ ಆ ಓದಿನ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಗೌರಿ ಏಣಿ ಹತ್ತಿ ಕೊಂಬೆ ಸವರಿದರು, ಎಲೆಗೆ ಕಜ್ಜಿ ಬಂದರೆ ಔಷಧಿ ಹೊಡೆದರು. ಎರಡನೇ ವರ್ಷಕ್ಕೆ ಕೊಂಬೆಗಳು ನೆಲ ಮುಟ್ಟುವಷ್ಟು ಕಾಯಿ ಬಿಟ್ಟವು. ಬರ್ಮಿಂಗ್‌ಹ್ಯಾಮಿನಲ್ಲಿ ಸೇಬು ತುಂಬಿದ ಪೈ ಎಂಬ ತಿಂಡಿ ಮಾಡುವವರೊಬ್ಬರು ಅಷ್ಟನ್ನೂ ಕೊಳ್ಳಲು ಒಪ್ಪಿದರು. ಆದರೆ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಹಣ್ಣು ಇಡಲು ಕೋಲ್ಡ್ ಸ್ಟೋರ್ ಬೇಕು. ಸಂಘದ ಬಳಿ ಒಂದು ಒಳ್ಳೇ ಕೋಲ್ಡ್ ಸ್ಟೋರ್ ಇತ್ತು.

ಡಾಕ್ಟರರು ಸಂಘದ ಕಾರ್ಯದರ್ಶಿ ಮಿಸ್ಟರ್ ಆಲ್ಸಪ್ ಅವರನ್ನು ಕಂಡರು. ಆಲ್ಸಪ್ ಎಪ್ಪತ್ತು ದಾಟಿದ ಸೌಮ್ಯ ಮನುಷ್ಯ.

"ಕೋಲ್ಡ್ ಸ್ಟೋರ್ ನಿಮ್ಮದೇ ಅಂತ ತಿಳಿಯಿರಿ. ಬೆಂಬಲಾಧಿಕಾರಿ ಬಂದು ತೋಟದ ತಪಾಸಣೆ ಮಾಡಿದ ಕೂಡಲೇ ಬಾಗಿಲು ತೆರೆಯುತ್ತೇವೆ," ಎಂದರು.

"ಯಾವಾಗ ಬರುತ್ತಾರೆ?"

"ಆ ಹುದ್ದೆ ಸದ್ಯ ಖಾಲಿ ಇದೆ."

ಖಾಲಿ ಹುದ್ದೆ ಎಂಬ ಮಾತು ಕಿವಿಗೆ ಬಿದ್ದರೆ ಡಾಕ್ಟರರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಲೀಡ್ಸ್‌ನಲ್ಲಿದ್ದಾಗ ಅವರು ಕನ್ನಡ ಬಳಗದ ಖಜಾಂಚಿ. ಬಿಸಿಬೇಳೆಬಾತು ಭಾಷಣಕ್ಕೆ ಮುಂಚೆಯೋ ಆಮೇಲೋ ಎಂಬ ತತ್ವದ ಮೇಲೆ ಬಳಗ ಒಡೆದಾಗ ಮುಂಚಿನವರಿಗೆ ಉಪಾಧ್ಯಕ್ಷ, ಆಮೇಲಿನವರಿಗೆ ಸಲಹೆಗಾರ. ಅವರು ಅಲ್ಲೇ ಅರ್ಜಿ ತುಂಬಿದರು. ಮುಂದಿನ ಸೋಮವಾರ ಸಂಘ ಅವರನ್ನು ಅವಿರೋಧವಾಗಿ ಬೆಂಬಲಾಧಿಕಾರಿಯಾಗಿ ನೇಮಿಸಿತು. ತಪಾಸಣೆ ಮಾಡುವವರಿಗೆ ಸ್ವಂತ ತೋಟ ಇರಕೂಡದೆಂಬ ನಿಯಮ ಇದ್ದುದರಿಂದ ತೋಟ ಗೌರಿಯವರ ಹೆಸರಿಗಾಯಿತು.

ಸೆಪ್ಟೆಂಬರ್ ಕೊನೆಯ ಶನಿವಾರ ಡಾಕ್ಟರರು ಟೈ ಕಟ್ಟಿ, ಹಿಂಬಾಗಿಲಿನಿಂದ ಹೋದರೆ ಸಲುಗೆಯಾಗುತ್ತದೆಂದು ಕಾರನ್ನು ರಸ್ತೆಗೆ ತಂದು, ಹಳ್ಳಿಯನ್ನು ಒಂದು ಸುತ್ತು ಹಾಕಿ, ತೋಟದ ಗೇಟಿನ ಮುಂದೆ ನಿಲ್ಲಿಸಿದರು.

"ಅರ್ಜಿದಾರರು ತಾವೇನಾ?" ಎಂದು ಕೇಳಿದರು.

"ಅಲ್ಲ, ನಿಮ್ಮ ಮಾವನ ಮಗಳು," ಎಂದರು ಗೌರಿ. ಹೊರಗಿನವರ ಜೊತೆ ಬೆಂಗಳೂರು ಕನ್ನಡ ಆಡುತ್ತಿದ್ದ ಅವರಿಗೆ ಸಿಟ್ಟು ಬಂದಾಗ ಧಾರವಾಡ ಬರುತ್ತಿತ್ತು. "ಹಣ್ಣು ಉದುರ್ಲಿಕ್ಕೆ ಹತ್ತ್ಯಾವ್ರೀ. ಲಗೂನ ಸಹಿ ಹಾಕ್ರಿ."

ಡಾಕ್ಟರರು ಅರ್ಜಿ ನೋಡಿದರು. ಹನ್ನೊಂದನೇ ನಿಯಮದ ಪ್ರಕಾರ ತಪಾಸಣೆಯ ಹೊತ್ತಿಗೆ ಹಣ್ಣು ಮರದಲ್ಲಿರಬೇಕು. ಹನ್ನೆರಡನೇ ನಿಯಮದ ಪ್ರಕಾರ ಅರ್ಜಿಯಲ್ಲಿ ಕಿತ್ತ ಹಣ್ಣಿನ ತೂಕ ಬರೆದಿರಬೇಕು. ಗೌರಿ ತೂಕದ ಜಾಗದಲ್ಲಿ 'ಇನ್ನೂ ಕಿತ್ತಿಲ್ಲ' ಎಂದು ಬರೆದಿದ್ದರು.

"ಇದು ಅಪೂರ್ಣ."

"ಕಿತ್ತು ತೂಕ ಮಾಡ್ಲೇನು?"

"ಕಿತ್ತರೆ ತಪಾಸಣೆ ಅಸಿಂಧು ಆಗತ್ತೆ."

"ಮತ್ತೇನ್ ಮಾಡಬೇಕ್ರಿ?"

"ಸಂಘ ನಿಮ್ಮ ಜೊತೆಗಿದೆ ಗೌರಿ," ಎಂದು ಡಾಕ್ಟರರು ನಿಜವಾಗಿಯೂ ಮರುಕದಿಂದ ಹೇಳಿದರು. ನಂತರ, "ಮೇಡಂ," ಎಂದು ತಿದ್ದಿಕೊಂಡರು.

ತಿರಸ್ಕಾರದ ಪತ್ರವನ್ನು ಅವರು ಊಟದ ಮೇಜಿನ ಮೇಲೆ ಬರೆದು, ಅಂಚೆಗೆ ಹಾಕಿದರು. ಅದು ಸೋಮವಾರ ಅದೇ ಮನೆಯ ಬಾಗಿಲ ಸೀಳಿನಿಂದ ಒಳಗೆ ಬಿತ್ತು. ಡಾಕ್ಟರರೇ ಎತ್ತಿಕೊಂಡು ಬಂದು, ಕಾಫಿಯ ಜೊತೆ ಕೊಟ್ಟು, "ನಿಂಗೊಂದು ಲೆಟರ್ ಬಂದಿದೆ ನೋಡು," ಎಂದರು. ಗೌರಿ ಮೇಲ್ಮನವಿ ಸಲ್ಲಿಸಿದರು. ಮೇಲ್ಮನವಿಯನ್ನು ಪರಿಶೀಲಿಸುವುದು ಬೆಂಬಲಾಧಿಕಾರಿಯ ಕೆಲಸವೇ ಆಗಿತ್ತು. ಹೀಗೆ ಐದು ವಾರಗಳಲ್ಲಿ ಹತ್ತೊಂಬತ್ತು ಪತ್ರಗಳು ಓಡಾಡಿದವು. ಹಣ್ಣೆಲ್ಲ ನೆಲದ ಪಾಲಾಯಿತು. ಯೂನಿವರ್ಸಿಟಿಯ ಕನ್ನಡದ ಹುಡುಗರು ಬಂದು ಉಪ್ಪಿನಕಾಯಿಗೆಂದು ನಾಲ್ಕು ಚೀಲ ಆಯ್ದುಕೊಂಡು ಹೋದರು. ಮಿಕ್ಕದ್ದರ ಮೇಲೆ ಕಣಜಗಳು ಕೂತವು.

ನವೆಂಬರ್ ಮೊದಲ ವಾರ ಗೌರಿ ಬೇರೊಂದು ನಮೂನೆ ತುಂಬಿದರು: ಮರಗಳನ್ನು ಬುಡಸಮೇತ ತೆಗೆಸಲು ನೆರವು ಕೋರಿ. ಗಂಡ ಅದನ್ನು ಓದಿ ಬೆಚ್ಚಿ ಓಡಿ ಬರುತ್ತಾರೆ, ಟೈ ಬಿಚ್ಚಿ ಎಸೆಯುತ್ತಾರೆ ಎಂದು ಅವರ ಲೆಕ್ಕಾಚಾರ.

ಡಾಕ್ಟರರು ಓದಿದರು. ಎಲ್ಲ ಕಾಲಂ ಭರ್ತಿ. ಸಹಿ, ತಾರೀಖು, ನಕ್ಷೆ, ಎಲ್ಲ ಇದ್ದವು. ಅಧಿಕಾರ ವಹಿಸಿಕೊಂಡ ಮೇಲೆ ಅವರ ಕೈಗೆ ಬಂದ ಮೊದಲನೆಯ ಸರ್ವಾಂಗಶುದ್ಧ ಅರ್ಜಿ ಅದು. ಸಂತೋಷಕ್ಕೆ ಅದನ್ನು ಇನ್ನೊಂದು ಸಲ ಓದಿದರು. ಅಂದೇ ಮುದ್ರೆ ಒತ್ತಿದರು. ಮುದ್ರೆ ಬಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆಯಲು ನಮೂನೆಯೇ ಇರಲಿಲ್ಲ. ಮಂಗಳವಾರ ಮರ ಕೀಳುವ ಯಂತ್ರ ಬಂತು.

ಅಂದು ಕ್ಲಿನಿಕ್ ಮುಗಿಸಿ ಡಾಕ್ಟರರು ಮನೆಗೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ಎಂ ಒನ್ ಹೆದ್ದಾರಿ ಕಾಣುತ್ತಿತ್ತು. ಅಲ್ಲಿ ಹೆದ್ದಾರಿ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

"ನಾ ನಿಮ್ಮನ್ನ ಅಂಜಸ್ಲಿಕ್ಕೆ ಬರದಿದ್ದೆ," ಎಂದರು ಗೌರಿ, ಕಿಟಕಿಯ ಕಡೆಗೇ ನೋಡುತ್ತ.

"ಅರ್ಜಿಯಲ್ಲಿ ಹಾಗಂತ ಬರೆದಿರಲಿಲ್ಲವಲ್ಲ," ಎಂದರು ಡಾಕ್ಟರರು. ಆಡಿದ ಮೇಲೆ ತಮ್ಮ ಮಾತು ತಮ್ಮ ಕಿವಿಗೇ ಬಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು. ನಲವತ್ತೆಂಟು ವರ್ಷದ ಮನುಷ್ಯ, ರೋಗಿಗಳಿಗೆ ಕೆಟ್ಟ ಸುದ್ದಿ ಹೇಳಿ ಅಭ್ಯಾಸವಿದ್ದವರು, ಈಗ ಟೈ ಬಿಚ್ಚಿ ಮೇಜಿನ ಮೇಲಿಟ್ಟರು.

ಐದನೇ ದಿನ ಡಾಕ್ಟರರು ರಾಜೀನಾಮೆ ಬರೆದು, ಸಂಘದ ವಾರ್ಷಿಕ ಸಭೆಗೆ ಹೊರಟರು. ಈ ಸಂಘದ ಮುಖ ಒಂದು ಸಲ ನೋಡಬೇಕೆಂದು ಗೌರಿಯೂ ಕಾರು ಹತ್ತಿದರು.

ಸಭೆಯಲ್ಲಿ ವರದಿ ಓದಲಾಯಿತು. ಈ ಸಾಲಿನಲ್ಲಿ ಕೋಲ್ಡ್ ಸ್ಟೋರಿನಲ್ಲಿ ಒಂದೇ ಒಂದು ಹಣ್ಣೂ ಕೆಟ್ಟಿಲ್ಲ. ಶುಚಿತ್ವಕ್ಕಾಗಿ ಅದಕ್ಕೆ ಪ್ರಶಸ್ತಿ ಬಂದಿದೆ. ಹತ್ತೊಂಬತ್ತು ಪತ್ರಗಳ ಮೂಲಕ ಒಬ್ಬ ಬೆಳೆಗಾರರಿಗೆ ಸಂಘ ನಿರಂತರ ಬೆಂಬಲ ನೀಡಿದೆ. ಚಪ್ಪಾಳೆ. ಡಾಕ್ಟರರು ಎದ್ದು ನಿಂತು, ರಾಜೀನಾಮೆ ಓದಲು ಹೋಗಿ, "ನನ್ನ ಕೈಯಾರೆ ನನ್ನ ಹೆಂಡತಿಯ ತೋಟ ಹೋಯಿತು," ಎಂದಷ್ಟೇ ಹೇಳಿದರು.

ಯಾರೂ ಗಾಬರಿಯಾಗಲಿಲ್ಲ.

"ನನ್ನದು ಎಂಬತ್ತೊಂಬತ್ತರಲ್ಲಿ ಹೋಯಿತು," ಎಂದರು ಆಲ್ಸಪ್ ಮೆಲ್ಲಗೆ. "ಆಗ ನಾನೇ ಬೆಂಬಲಾಧಿಕಾರಿ."

"ನಮ್ಮದು ತೊಂಬತ್ತನಾಲ್ಕರಲ್ಲಿ," ಎಂದಿತು ಹಿಂದಿನ ಸಾಲಿನ ಒಂದು ದನಿ. "ಆಗ ಮೇಲ್ಮನವಿಗೆ ಬೇರೆ ಹುದ್ದೆ ಇತ್ತು, ಅದು ನನ್ನದೇ." ಅಲ್ಲಿದ್ದ ಐವತ್ತೆಂಟು ಸದಸ್ಯರಲ್ಲಿ ಒಬ್ಬರಿಗೂ ಮರ ಇರಲಿಲ್ಲ. ಎಲ್ಲರಿಗೂ ಸಂಘದಲ್ಲಿ ಹುದ್ದೆ ಇತ್ತು.

ಗೌರಿಯವರ ಪಕ್ಕದಲ್ಲಿದ್ದ ಮುದುಕಿಯೊಬ್ಬರು ಅವರ ಕೈ ಹಿಡಿದುಕೊಂಡು, "ಯಾವ ಬುಡಕ್ಕೆ ಕಸಿ ಮಾಡಿದ್ದ ಮರ ಅವು, ಮಗಳೇ? ಪರಾಗಸ್ಪರ್ಶಕ್ಕೆ ನಡುನಡುವೆ ಯಾವ ಜಾತಿಯ ಸೇಬು ಇಟ್ಟಿದ್ದೆ?" ಎಂದು ಕೇಳಿದರು. ಗೌರಿ ಉತ್ತರ ಹೇಳತೊಡಗಿದವರು ಮುಕ್ಕಾಲು ಗಂಟೆ ನಿಲ್ಲಿಸಲಿಲ್ಲ. ಸಭೆ ಕಾರ್ಯಸೂಚಿ ಬಿಟ್ಟು ಕೇಳಿತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ರಾಜೀನಾಮೆಯನ್ನು ತಿರಸ್ಕರಿಸಲಾಯಿತು, ಅದು ಎರಡು ಪ್ರತಿಗಳಲ್ಲಿ ಇರಲಿಲ್ಲ. ಸಂಘದಲ್ಲಿ ಇನ್ನು ಬೆಳೆಗಾರರೇ ಉಳಿದಿಲ್ಲವಾದ್ದರಿಂದ ಹೊಸಬರನ್ನು ಹುಡುಕಲು ಉಪಸಮಿತಿ ರಚಿಸಿ, ಸಸ್ಯಶಾಸ್ತ್ರ ಬಲ್ಲವರೆಂದು ಗೌರಿಯವರನ್ನು ಸಂಚಾಲಕಿಯನ್ನಾಗಿ ಮಾಡಲಾಯಿತು. ಅವರು ಒಂದು ನಿಮಿಷ ಯೋಚಿಸಿ ಒಪ್ಪಿದರು.

ಮುಂದಿನ ವಾರ ಸ್ಥಳೀಯ ಪತ್ರಿಕೆಯಲ್ಲಿ ಈ ಜಾಹೀರಾತು ಬಂತು:

'ಬೇಕಾಗಿದ್ದಾರೆ: ಸೇಬು ಬೆಳೆಗಾರರು, ಒಬ್ಬರಾದರೂ ಸಾಕು. ಅನುಭವಿ ಸಿಬ್ಬಂದಿಯಿಂದ ಸಂಪೂರ್ಣ ಬೆಂಬಲ. ಮರಗಳನ್ನು ತಾವೇ ತರತಕ್ಕದ್ದು.'