ಅತ್ತೆ ಹಿಡಿದ ನಾಡಿ

ನಾನು ನಿಂತಿದ್ದುದು ಬೈರಕೂರಿನ ನಮ್ಮ ರೇಷ್ಮೆ ಹುಳುಮನೆಯ ಬಾಗಿಲಿನಿಂದ ಆರು ಹೆಜ್ಜೆ ಈಚೆಗೆ, ಹಿಪ್ಪುನೇರಳೆ ಸೊಪ್ಪಿನ ಹೊರೆಯ ಪಕ್ಕದಲ್ಲಿ. ಎಂಬತ್ತಮೂರನೆಯ ಇಸವಿಯ ಬೇಸಿಗೆ ರಜೆ. ಮುಳಬಾಗಿಲಿನ ಎಂಟು ಗಂಟೆ ಬಸ್ಸು ಆಗಷ್ಟೇ ಹೋಗಿತ್ತು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಸೋದರತ್ತೆಗೆ ಅವತ್ತು ತಲೆ ಕೆಟ್ಟಿತೆಂದು ಊರು ಈಗಲೂ ಹೇಳುತ್ತದೆ. ಸುಳ್ಳು! ಅವಳ ತಲೆ ಅದಕ್ಕೂ ಬಹಳ ಮೊದಲೇ ಹಾಗಿತ್ತು.

ಅತ್ತೆ ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ; ನಮ್ಮ ಮನೆಯಲ್ಲೇ ಇದ್ದು ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಯಾರ ಕೈ ಸಿಕ್ಕರೂ ಮಣಿಕಟ್ಟಿಗೆ ಬೆರಳಿಟ್ಟು, ಗಡಿಯಾರ ನೋಡುತ್ತ ನಾಡಿ ಎಣಿಸುವುದು ಅವಳ ಚಾಳಿ. ಟಿಕೆಟ್ ಕೊಡಲು ಕೈ ಚಾಚಿದ ಕಂಡಕ್ಟರಿಗೆ, "ತೊಂಬತ್ತಾರು! ರಾತ್ರಿ ನಿದ್ದೆ ಮಾಡಿಲ್ವೇನೋ?" ಅಂದವಳು. "ನೀವು ಕೈ ಬಿಟ್ರೆ ಕಮ್ಮಿ ಆಗುತ್ತಮ್ಮ," ಅಂದ ಅವನು. ದೊಡ್ಡಪ್ಪನ ಮಗಳನ್ನು ನೋಡಲು ಮಾಲೂರಿನಿಂದ ಬಂದ ಗಂಡಿನ ಕೈ ಹಿಡಿದು, "ಕೂತಲ್ಲೇ ನೂರಾ ಹತ್ತು! ಈ ಹುಡುಗ ಬೇಡ," ಎಂದು ಅವನ ಉಪ್ಪಿಟ್ಟು ಮುಗಿಯುವ ಮೊದಲೇ ತೀರ್ಪು ಕೊಟ್ಟಳು. ನಮ್ಮ ಎಮ್ಮೆಯನ್ನೂ ಬಿಟ್ಟವಳಲ್ಲ. ಎಮ್ಮೆಗೆ ನಾಡಿ ಎಲ್ಲಿ ಅಂತೀರಾ? ಬಾಲದ ಬುಡದಲ್ಲಿ! ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನನ್ನ ತಂಗಿಗೆ ಆಗ ಹದಿನೇಳು. ಎಂಟುನೂರು ಮೀಟರ್ ಓಟದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆಯಾಗಿದ್ದಳು. ಬೆಳಿಗ್ಗೆ ಕೆರೆ ಏರಿಯ ಮೇಲೆ ಓಟ, ಸಂಜೆ ಮತ್ತೆ ಓಟ, ನಡುವೆ ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುವುದು. ಮುಟ್ಟಾದ ಹೆಂಗಸರು ಹುಳುಮನೆಗೆ ಕಾಲಿಡುವಂತಿಲ್ಲ. ಹೊರಗಿನ ಜಗಲಿಯಲ್ಲಿ ಮೂರು ದಿನ ಚಾಪೆ ಹಾಕಿ ಕೂರಬೇಕು. ಹಾಗಾಗಿ ಯಾರು ಯಾವಾಗ ಹೊರಗೆ ಕೂತರೆಂಬುದು ಇಡೀ ಬೀದಿಗೆ ಬಾಯಿಪಾಠ. ತಂಗಿ ಐದು ತಿಂಗಳಿಂದ ಕೂತಿರಲಿಲ್ಲ.

ಅವತ್ತು ಎದುರುಮನೆ ಮುನಿಯಮ್ಮ ಪೊರಕೆ ಹಿಡಿದೇ ಬಂದು ಅಮ್ಮನನ್ನು ಕೇಳಿದಳು: "ಏನಕ್ಕಾ, ನಿನ್ ಮಗಳು ಓಡೋಕೆ ಹೋಗ್ತಾಳೋ, ಇನ್ನೆಲ್ಲಿಗ್ ಹೋಗ್ತಾಳೋ? ಐದು ತಿಂಗಳಾಯ್ತಲ್ಲ!"

ಅಮ್ಮನ ಕೈಯಿಂದ ಸೊಪ್ಪಿನ ಮಂಕರಿ ಜಾರಿತು. ತಂಗಿ ಬಾಗಿಲಲ್ಲೇ ನಿಂತಳು. ಒಳಗಿನಿಂದ ಬಂದ ಅಪ್ಪ ಹೇಳಿದ್ದು ಎರಡೇ ಮಾತು: "ಓಟ ಸಾಕು. ಗಂಡು ನೋಡ್ತೀನಿ." ಬರೆದುಬಿಡುತ್ತೇನೆ: ಆ ಕ್ಷಣ ನಾನೂ ತಂಗಿಯ ಮುಖ ನೋಡಲಿಲ್ಲ, ಹೊಟ್ಟೆ ನೋಡಿದೆ.

ಅತ್ತೆ ಕಾಫಿ ಲೋಟ ಕೆಳಗಿಟ್ಟು ಮುನಿಯಮ್ಮನ ಕೈ ಹಿಡಿದಳು. "ನೂರಾ ನಾಲ್ಕು! ನಿನಗ್ಯಾಕಮ್ಮ ಇಷ್ಟು ಎದೆ ಹೊಡ್ಕೊಳ್ತಿದೆ? ಓಡ್ತಿರೋಳು ಅವಳು!" ಆಮೇಲೆ ತಂಗಿಯ ಕೈ ಹಿಡಿದಳು. "ಎದ್ದ ತಕ್ಷಣ ಇವಳಿಗೆ ಐವತ್ತಾರು ಇರ್ತಿತ್ತು. ಒಂದು ತಿಂಗಳಿಂದ ಎಪ್ಪತ್ತು. ಮೈ ದಣಿದಿದೆ ಕಣ್ರೇ. ಮೂರಾಳಿನ ದುಡಿಮೆ, ಒಂದು ಮುದ್ದೆ ಊಟ! ಇದ್ದ ಶಕ್ತೀನೆಲ್ಲ ಕಾಲಿಗೆ ಕೊಟ್ಟು, ಮುಟ್ಟು ತರಿಸೋ ಹಾರ್ಮೋನು ಮಾಡೋದನ್ನೇ ಮೈ ನಿಲ್ಲಿಸಿದೆ. ಓಡೋ ಹುಡುಗೀರಿಗೆ ಹೀಗಾಗುತ್ತೆ ಅಂತ ಬೆಂಗಳೂರಿನ ಕ್ಯಾಂಪಲ್ಲಿ ಡಾಕ್ಟರಮ್ಮ ಹೇಳಿದ್ರು."

"ಹೊರಗೆ ಕೂರದಿದ್ರೆ ಬೀದಿ ಬಿಡುತ್ತಾ ಅತ್ತಿಗೆ?" ಅಮ್ಮ ಅಳುತ್ತಿದ್ದಳು.

"ಕೂರ್ಬೇಕು ತಾನೆ? ಕೂರ್ತಾಳೆ! ಮೂರಲ್ಲ, ಮೂವತ್ತು ದಿನ. ಓಟ ಇಲ್ಲ, ಸೊಪ್ಪೂ ಇಲ್ಲ. ಮೊಟ್ಟೆ, ಕಡ್ಲೇಕಾಯಿ, ಎರಡು ಮುದ್ದೆ ಇಲ್ಲಿಗೇ ಬರ್ಬೇಕು. ಜೊತೆಗೆ ನಾನೂ ಕೂರ್ತೀನಿ."

ಜಗಲಿಯಲ್ಲಿ ಚಾಪೆ ಬಿಡಿಸಿ ಕೂತೇಬಿಟ್ಟಳು! ಐವತ್ತು ದಾಟಿದ, ಮುಟ್ಟು ನಿಂತು ವರ್ಷಗಳಾದ ಹೆಂಗಸು!

"ಅಕ್ಕಾ, ಮಾನ ಹೋಗುತ್ತೆ, ಏಳು," ಎಂದ ಅಪ್ಪ.

"ಕೂತ್ಕೊಂಡ್ರೆ ಹೋಗೋ ಮಾನ ಹೋಗ್ಲಿ ಬಿಡ್ಲಾ. ಹದಿನೇಳರಲ್ಲಿ ನಾನೂ ಕೋಲಾರದಲ್ಲಿ ಓಡ್ತಿದ್ದೆ. ನಂಗೂ ಹೀಗೇ ನಿಂತಿತ್ತು. ಇದೇ ಮಾತು ಬಂತು. ಹದಿನೈದು ದಿನಕ್ಕೆ ತಾಳಿ ಕಟ್ಸಿದ್ರು. ನಿಂಗೆ ಆರು ವರ್ಷ, ಚಪ್ಪರದಲ್ಲಿ ನೀನು ಲಾಡು ತಿಂತಿದ್ದೆ." ಅಲ್ಲಿ ಅತ್ತೆಯ ದನಿ ಸಣ್ಣದಾಯಿತು. "ನನ್ ಕೈ ಯಾರೂ ಹಿಡಿದು ನೋಡ್ಲಿಲ್ಲ ಕಣೋ."

ಅಪ್ಪ ಬಿದ್ದಿದ್ದ ಮಂಕರಿ ಎತ್ತಿಕೊಂಡು ತಾನೇ ಸೊಪ್ಪು ಕೊಯ್ಯಲು ಹೊರಟ.

ತಂಗಿ ಚಾಪೆಯ ಮೇಲೆ ಕೂತು, ಅತ್ತೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿಗೆ ಮೂರು ಬೆರಳಿಟ್ಟಳು. ತುಟಿ ಅಲ್ಲಾಡುತ್ತಿತ್ತು. ಒಂದು ನಿಮಿಷ ಪೂರ್ತಿ ಎಣಿಸಿದಳು. ಎಷ್ಟೆಂದು ಹೇಳಲಿಲ್ಲ, ಕೈಯನ್ನೂ ಬಿಡಲಿಲ್ಲ.

ಮೂರನೆಯ ತಿಂಗಳು ತಂಗಿ ನಿಜವಾಗಿಯೇ ಹೊರಗೆ ಕೂತಳು. ಮರುವರ್ಷ ಮತ್ತೆ ರಾಜ್ಯದ ತಂಡದಲ್ಲಿ ಓಡಿದಳು.

ಅಪ್ಪ, ಅಮ್ಮ, ಅತ್ತೆ ಈಗಿಲ್ಲ. ಕಣ್ಣಾರೆ ಕಂಡವರಲ್ಲಿ ಉಳಿದಿರುವವರು ನಾನು, ತಂಗಿ, ಮತ್ತು ಐದನೆಯ ದಿನದಿಂದ ಸೆರಗಿನಲ್ಲಿ ಮೊಟ್ಟೆ ಮುಚ್ಚಿಕೊಂಡು ತಂದುಕೊಟ್ಟ ಮುನಿಯಮ್ಮ. ತಾಯಲೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ; ಕಿವಿ ಇನ್ನೂ ಚೆನ್ನಾಗಿದೆ. ನಂಬದವರು ಹೋಗಿ ಕೇಳಲಿ.