ಊರು ಬಿಡುವವನ ಫ್ಲೆಕ್ಸ್

ಏಳು ಜನ ಹಿಡಿದರೂ ನನ್ನ ಮೊಮ್ಮಗ ಕೊಸರಿಕೊಂಡು ಗೆರೆ ಮುಟ್ಟುತ್ತಾನೆ ಎಂದು ಕಬಡ್ಡಿ ನೋಡುವವರು ಹೇಳುತ್ತಾರೆ. ಇರಬಹುದು. ಆದರೆ ಮನೆಯ ಕನ್ನಡಿ ಒಮ್ಮೆ ಹಿಡಿದರೆ ಅವನಿಗೆ ಅರ್ಧ ಗಂಟೆಯಾದರೂ ಬಿಡಿಸಿಕೊಳ್ಳಲು ಆಗುವುದಿಲ್ಲ!

ನಮ್ಮ ಐವರ್ನಾಡಿನ ತಂಡಕ್ಕೆ ಇವನೇ ದೊಡ್ಡ ರೈಡರ್. ಕಳೆದ ಮಳೆಗಾಲ ಮುಗಿಯುವಾಗ ಪುತ್ತೂರಿನ ಒಂದು ತಂಡದವರು ಕರೆದರು, ಇವನು ಒಪ್ಪಿದ. ಪುತ್ತೂರು ಎಂದರೆ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಕೆಲಸ ಮುಗಿಸಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಇವನು ಮಾತ್ರ ಗಡಿಗೆ ಹೊರಟ ಸಿಪಾಯಿಯ ಹಾಗೆ ಜಗಲಿಯಲ್ಲಿ ಶತಪಥ ಹಾಕತೊಡಗಿದ. ಊರವರು ದ್ರೋಹಿ ಎನ್ನಬಾರದಂತೆ. ಅದಕ್ಕಿಂತ ಹೆಚ್ಚಾಗಿ, ತಂಡದ ಕ್ಯಾಪ್ಟನ್ ಇವನಲ್ಲಿ ಮಾತು ಬಿಟ್ಟಿದ್ದ. ಇವನಿಗೆ ಆಟ ಕಲಿಸಿದವನೇ ಅವನು. ಪಿಕಪ್ ಓಡಿಸುತ್ತಾನೆ. ಈಗ ದಾರಿಯಲ್ಲಿ ಎದುರಾದರೆ ಹಾರ್ನ್ ಕೂಡ ಇಲ್ಲ.

"ಹೋಗಿ ಮಾತಾಡು" ಎಂದೆ.

"ಹಾಗೆಲ್ಲ ಹೋಗ್ಲಿಕ್ಕೆ ಆಗುದಿಲ್ಲ ಅಜ್ಜಿ. ಮೊದಲು ಇಮೇಜ್ ಸರಿ ಮಾಡ್ಬೇಕು."

"ಅದೆಂತದು?"

"ಜನ ನಮ್ಮನ್ನು ಹೇಗೆ ನೋಡ್ತಾರೆ, ಅದು."

"ಕಣ್ಣಿಂದ ನೋಡ್ತಾರೆ ಮಾರಾಯ, ಮತ್ತೆಂತ?"

ಮರುದಿನ ಹುಟ್ಟೂರ ಮಣ್ಣಿಗೆ ಮುತ್ತಿಡುವ ಫೋಟೋ! ಈಗಿನ ಆಟವೆಲ್ಲ ಮ್ಯಾಟಿನ ಮೇಲೆ. ಮ್ಯಾಟಿಗೆ ಮುತ್ತಿಟ್ಟರೆ ಯಾರ ಕರುಳು ಚುರ್ ಎನ್ನುತ್ತದೆ? ಮಣ್ಣು ಹುಡುಕುತ್ತ ನನ್ನ ಬಸಳೆ ಚಪ್ಪರದ ಬುಡಕ್ಕೇ ಬಂದ. ಹಿಂದಿನ ದಿನವಷ್ಟೇ ಅಲ್ಲಿಗೆ ಸೆಗಣಿ ನೀರು ಹೊಯ್ದಿದ್ದೆ. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮುತ್ತು ಮುಗಿದಿತ್ತು!

ಆಮೇಲೆ ವಿಡಿಯೋಕ್ಕೆ ಭಾಷಣ. "ಅಜ್ಜಿ, ಎಲ್ಲಿ ಕಣ್ಣೀರು ಬಂದ್ರೆ ಚಂದ?"

"ನೀರುಳ್ಳಿ ಹೆಚ್ಚುವಲ್ಲಿ. ಬಾ, ನಾಲ್ಕು ಉಂಟು."

ಬರಲಿಲ್ಲ. ಸುಳ್ಯಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದು, ಸಂಜೆ ಪೇಟೆಯಲ್ಲಿ ಕಟ್ಟಿಸಿದ. ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಹುಟ್ಟುಹಬ್ಬವೂ ಇಲ್ಲ, ಸಾವೂ ಇಲ್ಲ ನೋಡಿ. ಗಂಭೀರವಾಗಿ ಕಾಣಲೆಂದು ಕಪ್ಪು ಬಿಳುಪಿನ ಫೋಟೋ. ಮುಗಿದ ಕೈ. ಸುತ್ತ ಹೂವಿನ ಅಂಚು. ಕೆಳಗೆ, "ನಿಮ್ಮನ್ನೆಲ್ಲ ಅಗಲುತ್ತಿದ್ದೇನೆ. ನಿಮ್ಮ ಪ್ರೀತಿಗೆ ಸದಾ ಋಣಿ."

ಬೆಳಿಗ್ಗೆ ನೆರೆಮನೆಯ ಲಲಿತ ದೊಡ್ಡ ಪಾತ್ರೆಯಲ್ಲಿ ಗಂಜಿ ಹೊತ್ತು, ಮೂಗು ಒರೆಸುತ್ತ ಅಂಗಳಕ್ಕೆ ಬಂದಳು. ಸಾವಿನ ಮನೆಯಲ್ಲಿ ಒಲೆ ಉರಿಸುವುದಿಲ್ಲವಲ್ಲ, ಗಂಜಿ ನೆರೆಯವರೇ ತರಬೇಕು.

"ಎಂತ ಆದದ್ದು ದೊಡ್ಡಮ್ಮ? ಮೊನ್ನೆ ಸರಿ ಇದ್ದನಲ್ಲ!"

ಅಷ್ಟರಲ್ಲಿ ಸತ್ತವನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಬಚ್ಚಲಿನಿಂದ ಹೊರಗೆ ಬಂದ. ಲಲಿತ ಕಿರುಚಿದ್ದು ಸುಳ್ಯಕ್ಕೂ ಕೇಳಿರಬೇಕು!

ಅವಳ ಹಿಂದೆಯೇ ಅಂಗಡಿಯ ಇದಿನಬ್ಬ ಕಾಕ, ಅರ್ಧ ಬಾಗಿಲು ಹಾಕಿ ಓಡಿ ಬಂದವರು. "ಹೋದವ ಹಲ್ಲುಜ್ಜುತ್ತಾ ಇದ್ದಾನಲ್ಲ ಅಜ್ಜಿ!"

"ಇನ್ನೂ ಹೋಗ್ಲಿಲ್ಲ ಕಾಕ. ಹೊರಟದ್ದು ಪುತ್ತೂರಿಗೆ."

ಆಗ ಪಿಕಪ್ ಬಂತು, ಹಿಂದೆ ತುಂಬ ತಂಡದವರು. ಕ್ಯಾಪ್ಟನ್ ಇಂಜಿನ್ ಆಫ್ ಮಾಡದೆ ಹಾರಿ ಇಳಿದ. ಕಾಲಲ್ಲಿ ಒಂದೇ ಚಪ್ಪಲಿ. ಇವನನ್ನು ನೋಡಿ ಅಂಗಳದ ಮಧ್ಯೆ ನಿಂತುಬಿಟ್ಟ. ಮತ್ತೆ ಹತ್ತಿರ ಬಂದು ಕೆನ್ನೆಗೆ ಒಂದು ಬಿಗಿದ.

"ನೀ ಸತ್ತೆ ಅಂತ ಗ್ರಹಿಸಿದೆನಲ್ಲ, ಬೇವರ್ಸಿ!"

ಅಷ್ಟು ಭಾಷಣ ಕಲಿತವನಿಗೆ "ಅಣ್ಣ" ಎಂಬ ಒಂದು ಮಾತು ಬಿಟ್ಟರೆ ಬೇರೆ ಬರಲಿಲ್ಲ.

ತಂದ ಗಂಜಿ ಹಾಳು ಮಾಡುವುದು ಬೇಡವೆಂದು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಬಡಿಸಿದೆ. ಉಂಡಾದ ಮೇಲೆ ಕ್ಯಾಪ್ಟನ್ ಪಿಕಪ್ಪಿನಿಂದ ಟೇಪಿನ ಸುರುಳಿ ತಂದು ಇವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಇವನ ಎಡಗಾಲಿನ ಹರಡು ಮೊದಲೊಮ್ಮೆ ಉಳುಕಿದ್ದು. ಪ್ರತಿ ಆಟಕ್ಕೂ ಮುಂಚೆ ಅದಕ್ಕೆ ಟೇಪ್ ಸುತ್ತುತ್ತಿದ್ದವನು ಅವನೇ ಎಂದು ನನಗೆ ಗೊತ್ತಾದದ್ದು ಆವತ್ತು. ಎರಡು ಸುತ್ತು ಹಾಕಿದವನು ಬಿಚ್ಚಿ, ಸುರುಳಿಯನ್ನು ಇವನ ಕೈಗೇ ಕೊಟ್ಟ.

"ಅಲ್ಲಿ ನಿಂಗೆ ಯಾರು ಕಟ್ಟುದು? ಕಲ್ತುಕೊ."

ಇವನು ಸುತ್ತಿದ. ಸಡಿಲವಾಯಿತು. "ಬಿಚ್ಚು." ಮತ್ತೆ ಸುತ್ತಿದ. "ಹಿಮ್ಮಡಿಯ ಹತ್ರ ಬಿಗಿ ಆಗ್ಲಿಲ್ಲ. ಬಿಚ್ಚು."

ಕೊನೆಗೆ ಸರಿಯಾಗಿಯೇ ಕಟ್ಟಿದ. ನನಗೂ ಕಾಣುತ್ತಿತ್ತು, ಕ್ಯಾಪ್ಟನ್ನಿಗೆ ಕಾಣದೆ ಇರುತ್ತದೆಯೇ? ಅವನು ಹರಡಿನ ಮೇಲೆ ಬೆರಳಾಡಿಸಿ ನೋಡಿದ. ನೆಲ ನೋಡುತ್ತ, "ಬಿಚ್ಚು, ಇನ್ನೊಮ್ಮೆ" ಎಂದ.

ಇವನು ಬಿಚ್ಚಿದ.